ಫೋನು ಅಪ್ಪನ ಜೇಬಿನಲ್ಲಿ, ಮಗಳು ತಾಂಡಾದಲ್ಲಿ

ಯಾದಗಿರಿ ಜಿಲ್ಲೆಯ ಹೈಸ್ಕೂಲ್ ಮೇಷ್ಟ್ರೊಬ್ಬರ ಪತ್ರ: “ಲಸಿಕೆ ನೆನಪಿಸಲು ಮೊಬೈಲ್‌ಗೆ ಮೆಸೇಜ್ ಬರುತ್ತದೆ ಅಂತ ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಮ್ಮ ತಾಂಡಾದ ಅಪ್ಪಂದಿರು ಪುಣೆಯಲ್ಲಿ ಗಾರೆ ಕೆಲಸದಲ್ಲಿರುತ್ತಾರೆ, ಫೋನೂ ಅಲ್ಲೇ. ಇದೆಲ್ಲ ಸುಮ್ನೆ ಖರ್ಚಲ್ವಾ? ಹತ್ತು ವರ್ಷಕ್ಕೆ ತಪ್ಪಿಸಿಕೊಂಡವರಿಗೆ ಹದಿನಾರಕ್ಕೆ ಹಾಕಿಸಬಹುದಾ?”

ಮೇಷ್ಟ್ರೇ, ಸುಮ್ನೆ ಖರ್ಚು ಅಂತ ಹೇಳಲಾರೆ. ಆದರೆ ನೀವು ತೋರಿಸಿದ ತೂತು ದೊಡ್ಡದೇ.

ಕೂಸಿನ ಲಸಿಕೆಗೆ ತಾಯಿ ಕಾರ್ಡ್ ಇರುತ್ತದೆ, ಆಶಾ ಬಾಗಿಲಿಗೆ ಬರುತ್ತಾರೆ, ಅಜ್ಜಿಯೂ ಕೇಳುತ್ತಾಳೆ. 10 ಮತ್ತು 16 ವರ್ಷಕ್ಕೆ ಕೊಡುವ ಟಿಡಿ, ಅಂದರೆ ಧನುರ್ವಾಯು ಮತ್ತು ಗಂಟಲುಮಾರಿಯ ಲಸಿಕೆ, ಎಷ್ಟು ಮನೆಯಲ್ಲಿ ನೆನಪಿರುತ್ತದೆ ಹೇಳಿ? ಕಾರ್ಡು ಯಾವ ಟ್ರಂಕಿನಲ್ಲಿದೆಯೋ. ಶಾಲೆಗೆ ಬರುವವರು ಹೇಗೋ ಸಿಗುತ್ತಾರೆ. ಹತ್ತನೇ ತರಗತಿಗೆ ಓದು ಬಿಟ್ಟವರು ಯಾರ ಪಟ್ಟಿಯಲ್ಲೂ ಇರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ದೇಶಕ್ಕೆಲ್ಲ ಶುರುವಾದ ಯು-ವಿನ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಹುಟ್ಟಿನಿಂದ 17 ವರ್ಷದವರೆಗಿನ ಲಸಿಕೆಗಳ ಲೆಕ್ಕ ಇಡುತ್ತದೆ, ಮುಂದಿನ ಡೋಸಿಗೆ ಎಸ್ಸೆಮ್ಮೆಸ್ ಕಳಿಸುತ್ತದೆ. ಒಳ್ಳೆಯದೇ. ಆದರೆ ಅದು ಹೋಗುವುದು ಬರೆಸಿದ ನಂಬರಿಗೆ ಮಾತ್ರ.

ಮೆಸೇಜಿನಿಂದ ಎಷ್ಟು ಉಪಯೋಗ? ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಬಡವರೇ ಜಾಸ್ತಿ ಬರುವ ಕ್ಲಿನಿಕ್‌ಗಳಲ್ಲಿ ಇದನ್ನು ನೋಡಿದ್ದಾರೆ. ಲಸಿಕೆ ಬಾಕಿಯಿದ್ದ ಹದಿಹರೆಯದವರ ಅಪ್ಪ-ಅಮ್ಮಂದಿರಿಗೆ ಮೆಸೇಜ್ ಕಳಿಸಿದರು. 24 ವಾರ ಕಳೆದ ಮೇಲೆ ನೋಡಿದರೆ, ಮೆಸೇಜ್ ಹೋದ ಮನೆಗಳಲ್ಲಿ ಶೇ. 36.4 ಮಕ್ಕಳು ಹಾಕಿಸಿಕೊಂಡಿದ್ದರು, ಹೋಗದ ಮನೆಗಳಲ್ಲಿ ಶೇ. 18.1. 2012ರಲ್ಲಿ ಪ್ರಕಟವಾದ ಅಧ್ಯಯನ ಅದು. ಇಮ್ಮಡಿ ಆಯ್ತಲ್ಲ ಅಂತ ಖುಷಿಪಡಬಹುದು. ನನ್ನ ಕಣ್ಣು ಮಾತ್ರ ಉಳಿದ ಸುಮಾರು 64ರ ಮೇಲೇ ನಿಲ್ಲುತ್ತದೆ. ಹಾಕಿಸೋಣ ಅಂತಿದ್ದು ಮರೆತವರನ್ನು ಮೆಸೇಜು ಎಬ್ಬಿಸುತ್ತದೆ. ಹೆದರಿದವರನ್ನು, ದಿನಗೂಲಿ ಬಿಟ್ಟು ಬರಲಾಗದವರನ್ನು ಅದು ಕರೆತರುವುದು ಕಷ್ಟ. “ಹೆಣ್ಣುಮಕ್ಕಳಿಗೆ ಈ ಸೂಜಿ ಹಾಕಿದರೆ ಮುಂದೆ ಮಕ್ಕಳಾಗಲ್ವಂತೆ” ಎಂಬ ಗುಸುಗುಸು ಎದ್ದರೆ ಎಸ್ಸೆಮ್ಮೆಸ್ ಏನು ಉತ್ತರ ಕೊಟ್ಟೀತು?

ಇದಕ್ಕೆ ಹರಿಯಾಣದ ಪ್ರಯೋಗ ನನಗೆ ಇಷ್ಟ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡದ್ದು, ಪುಟ್ಟ ಮಕ್ಕಳ ಲಸಿಕೆಯ ಕುರಿತು. “ನಿಮ್ಮೂರಲ್ಲಿ ಸುದ್ದಿ ಹಬ್ಬಿಸೋದರಲ್ಲಿ ಯಾರು ಗಟ್ಟಿಗರು?” ಎಂದು ಹಳ್ಳಿಯವರನ್ನೇ ಕೇಳಿದರು. ಅವರು ತೋರಿಸಿದವರ ಬಾಯಲ್ಲಿ ಲಸಿಕೆಯ ಸುದ್ದಿ ಹೇಳಿಸಿದರು, ಜೊತೆಗೆ ಅಪ್ಪ-ಅಮ್ಮಂದಿರಿಗೆ ಎಸ್ಸೆಮ್ಮೆಸ್ ಹೋಯಿತು. ಹಾಕಿದ ದುಡ್ಡಿಗೆ ಹೆಚ್ಚು ಫಲ ಕೊಟ್ಟಿದ್ದು ಈ ಜೋಡಿಯೇ. ಬಾಯಿ ಮಾತನ್ನು ಬಿಟ್ಟು ಬರೀ ಫೋನನ್ನು ನಂಬುವ ಯೋಜನೆ ನಿಮ್ಮ ತಾಂಡಾದಲ್ಲಿ ನಡೆಯುವುದಿಲ್ಲ ಅನ್ನುವುದು ಇದಕ್ಕೇ.

ಹಾಗಾಗಿ ನಂಬರಿನಿಂದ ಶುರು ಮಾಡಿ. ದಾಖಲಾತಿ ಪುಸ್ತಕದಲ್ಲಿ ಅಪ್ಪನ ನಂಬರಿನ ಪಕ್ಕ ಊರಲ್ಲೇ ಇರುವವರದ್ದೊಂದು ಬರೆಸಿ. ಅಜ್ಜಿಯದ್ದೋ, ಚಿಕ್ಕಪ್ಪನದ್ದೋ, ಕಿರಾಣಿ ಅಂಗಡಿಯವರದ್ದೋ ಆದೀತು. ಸಬ್ ಸೆಂಟರ್ ಸಿಸ್ಟರ್‌ಗೂ ಆ ನಂಬರ್ ಕೊಡಿ. ಇನ್ನು “ನಿಮ್ಮ ಮಗುವಿನ ಡೋಸ್ ಬಾಕಿ ಇದೆ” ಅಂತ ಬಂದರೆ ಸಾಲದ ಕಂಪನಿಯ ಮೆಸೇಜ್ ಅಂದುಕೊಂಡು ಅಳಿಸಿಬಿಡುತ್ತಾರೆ. “ಗುರುವಾರ ಬೆಳಿಗ್ಗೆ 10ಕ್ಕೆ ನಮ್ಮ ಶಾಲೆಯಲ್ಲಿ ಟಿಡಿ ಲಸಿಕೆ. ದುಡ್ಡಿಲ್ಲ. ಊಟ ಮಾಡಿಸಿ ಕಳಿಸಿ. ಹೆಡ್‌ಮಾಸ್ಟರ್” ಎಂದಿದ್ದರೆ ಓದುತ್ತಾರೆ. ಓದು ಬಾರದವರಿಗೆ ವಾಟ್ಸಾಪ್‌ನಲ್ಲಿ ಲಂಬಾಣಿ ಮಾತಿನಲ್ಲೇ ಆಡಿಯೊ ಕಳಿಸಿ. ತಾಂಡಾದ ಹುಡುಗಿಯೇ ಮಾತಾಡಿದರೆ ಇನ್ನೂ ಚೆಂದ.

ಕೊನೆಯ ಪ್ರಶ್ನೆಗೆ: ಹತ್ತರದ್ದು ತಪ್ಪಿತು ಅಂತ ಹದಿನಾರರದ್ದು ಬಿಡಬೇಕಿಲ್ಲ, ಖಂಡಿತ ಹಾಕಿಸಿ. ಕೂಸಿದ್ದಾಗ ಲಸಿಕೆಯೇ ಆಗಿಲ್ಲ ಎನ್ನುವ ಮಕ್ಕಳಿದ್ದರೆ ಅವರ ಹೆಸರನ್ನು ಬೇರೆಯಾಗಿ ಬರೆದು ಸಿಸ್ಟರ್‌ಗೆ ಕೊಡಿ. ಅಂಥವರಿಗೆ ಒಂದು ಡೋಸ್ ಸಾಲದೆ ಹೋಗಬಹುದು.

— ಸಂ.