ಅವಳೇನೂ ಅನ್ನುವುದಿಲ್ಲ

ಓದುಗರ ಪತ್ರದ ಸಾರ: "ನಾನು ತಿಪಟೂರು ಸೀಮೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ, ನಿವೃತ್ತಿಗೆ 3 ವರ್ಷ ಬಾಕಿ ಇದೆ. ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಮುಗಿಸಿ ಎರಡನೇ ಸಲ ನೀಟ್ ಬರೆದ ಮಗನಿಗೆ ಸರ್ಕಾರಿ ಕೋಟಾದ ಸೀಟು ಸ್ವಲ್ಪದರಲ್ಲಿ ತಪ್ಪಿದೆ. ಖಾಸಗಿ ಕಾಲೇಜಿನಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ಶುಲ್ಕದ ಪ್ರೈವೇಟ್ ಸೀಟು ಸಿಗುವಂತಿದೆ. ನಾಲ್ಕೂವರೆ ವರ್ಷದ ಶುಲ್ಕ 54 ಲಕ್ಷ, ಹಾಸ್ಟೆಲ್ಲು, ಊಟ, ಪುಸ್ತಕಕ್ಕೆ 11 ಲಕ್ಷ, ಒಟ್ಟು 65 ಲಕ್ಷ. ಭವಿಷ್ಯ ನಿಧಿಯಿಂದ 13 ಲಕ್ಷ, ಮಗಳ ಮದುವೆಗೆಂದು ಇಟ್ಟ ಠೇವಣಿಯಿಂದ 9 ಲಕ್ಷ, ತಾತನ ಕಾಲದಿಂದ ಬಂದ ಎರಡೂವರೆ ಎಕರೆ ತೆಂಗಿನ ತೋಟದಲ್ಲಿ ಒಂದು ಎಕರೆ ಮಾರಿದರೆ 23 ಲಕ್ಷ, ಮನೆಯನ್ನು ಆಧಾರ ಮಾಡಿದರೆ ಶಿಕ್ಷಣ ಸಾಲ 20 ಲಕ್ಷ. ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಬಿ.ಎಡ್. ಮಾಡಬೇಕೆಂದಿದ್ದಳು, ಮುಂದೆ ನೋಡೋಣ ಎಂದಿದ್ದೇವೆ. ಅರ್ಥ ಮಾಡಿಕೊಳ್ಳುವವಳು, ಅವಳೇನೂ ಅನ್ನುವುದಿಲ್ಲ. ಸೀಟು ಹಿಡಿಯಲೋ, ಬಿಡಲೋ?"

ಸಂಪಾದಕರ ಉತ್ತರ:

ಮಾನ್ಯ ಮೇಷ್ಟ್ರೇ,

ಸೀಟು ಹಂಚಿಕೆಯ ದಿನಾಂಕಗಳು ಮಾಸಪತ್ರಿಕೆಗಾಗಿ ಕಾಯುವುದಿಲ್ಲವಾದ್ದರಿಂದ ನನ್ನ ಅಭಿಪ್ರಾಯವನ್ನು ಫೋನಿನಲ್ಲಿಯೇ ನಿಮಗೆ ತಿಳಿಸಿದ್ದೆ: ಬಿಟ್ಟುಬಿಡಿ. ಅಷ್ಟನ್ನೇ ಹೇಳಿ ಸುಮ್ಮನಾದರೆ ಅದು ಉತ್ತರವಾಗುವುದಿಲ್ಲ. ನೀಟ್ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ಇಂಥ ಪತ್ರಗಳು ನನ್ನ ಮೇಜಿಗೆ ಬರುತ್ತವೆ. ಆದರೆ ಅಂಕಿಗಳನ್ನು ಇಷ್ಟು ಅಚ್ಚುಕಟ್ಟಾಗಿ, ಜಮಾ ಒಂದು ಕಡೆ ಖರ್ಚು ಒಂದು ಕಡೆ ಬರೆದು, ಕೆಳಗೆ ಗೆರೆ ಎಳೆದು ಕೂಡಿಸಿ ಕಳಿಸಿದವರು ನೀವೊಬ್ಬರೇ. ಮಕ್ಕಳಿಗೆ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಕೈ ಅದು ಎಂದು ನೋಡಿದ ಕೂಡಲೇ ತಿಳಿಯಿತು. ಆ ಕೈಯೇ ಎರಡು ಕಡೆ ತಪ್ಪಿದೆ ಎಂದು ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ನಿಮ್ಮ ಪಕ್ಷದ ಮಾತು. ಮಗನನ್ನು ಡಾಕ್ಟರು ಮಾಡಬೇಕೆಂಬ ಆಸೆಯನ್ನು ಬರೀ ಪ್ರತಿಷ್ಠೆ ಎಂದು ತಳ್ಳಿಹಾಕುವವರ ಸಾಲಿಗೆ ನಾನು ಸೇರುವುದಿಲ್ಲ. ಎರಡು ಸಲ ಪರೀಕ್ಷೆ ಬರೆದ ಹುಡುಗನ ಶ್ರಮ ಸಣ್ಣದಲ್ಲ; 2024ರಲ್ಲಿ ನೀಟ್‌ಗೆ ಹೆಸರು ನೋಂದಾಯಿಸಿದವರು ಇಡೀ ದೇಶದಲ್ಲಿ 24 ಲಕ್ಷ ಮಂದಿ, ಇರುವ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಮೇಲೆ ಅಷ್ಟಿಷ್ಟು. ಈ ನೂಕುನುಗ್ಗಲಿನಲ್ಲಿ ಬಾಗಿಲ ತನಕ ಬಂದವನನ್ನು ವಾಪಸು ಕರೆಯುವುದು ತಂದೆಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು.

ಈಗ ಮೊದಲ ತಪ್ಪು. ಸಾಲದ ಮುಂದೆ 20 ಲಕ್ಷ ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ. ವರ್ಷಕ್ಕೊಂದರಂತೆ ಐದು ಕಂತಿನಲ್ಲಿ, ಕಂತಿಗೆ 4 ಲಕ್ಷದಂತೆ ಬ್ಯಾಂಕು ಹಣ ಬಿಡುಗಡೆ ಮಾಡುತ್ತದೆ ಎಂದಿಟ್ಟುಕೊಳ್ಳಿ. ಬಡ್ಡಿ ಶೇಕಡಾ 10. ಹೌಸ್‌ಮನ್‌ಶಿಪ್ಪೂ (ಆಸ್ಪತ್ರೆಯಲ್ಲಿ ಒಂದು ವರ್ಷದ ತರಬೇತಿ) ಸೇರಿ ಐದೂವರೆ ವರ್ಷದ ಓದು, ಅದರ ಮೇಲೆ ಮರುಪಾವತಿಗೆ ಒಂದು ವರ್ಷದ ವಿನಾಯಿತಿ. ಆ ಆರೂವರೆ ವರ್ಷದಲ್ಲಿ ಸರಳ ಬಡ್ಡಿಯೇ 9 ಲಕ್ಷವಾಗಿ, ಮರುಪಾವತಿ ಶುರುವಾಗುವ ದಿನ ಸಾಲ 29 ಲಕ್ಷಕ್ಕೆ ನಿಂತಿರುತ್ತದೆ. ಅದನ್ನು 15 ವರ್ಷದಲ್ಲಿ ತೀರಿಸಲು ತಿಂಗಳಿಗೆ 31 ಸಾವಿರಕ್ಕೂ ಹೆಚ್ಚು ಕಟ್ಟಬೇಕು. ಕೊನೆಗೆ ಕಟ್ಟಿದ್ದು ಒಟ್ಟು 56 ಲಕ್ಷ. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಪಿಂಚಣಿ ಮಾತ್ರ ಇರುತ್ತದೆ. ಹೊಸದಾಗಿ ಎಂಬಿಬಿಎಸ್ ಮುಗಿಸಿದವನಿಗೆ ತಿಂಗಳಿಗೆ ಎಷ್ಟು ಸಿಗುತ್ತದೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿರುವ ಹುಡುಗರನ್ನೇ ಒಮ್ಮೆ ಕೇಳಿ ನೋಡಿ. ಅಷ್ಟರಲ್ಲಿ ಅವನು ಪಿಜಿ ಸೀಟಿಗೆ ಓದಬೇಕೆನ್ನುತ್ತಾನೆ. ಬರೀ ಎಂಬಿಬಿಎಸ್‌ನವರನ್ನು ಯಾರು ಕೇಳುತ್ತಾರೆ ಎಂದು ಇಂದು ನಿಮಗೆ ಸೀಟು ಹಿಡಿಯಲು ಹೇಳುತ್ತಿರುವ ಬಂಧುಗಳೇ ಅಂದು ಹೇಳುತ್ತಾರೆ. 2023ರಲ್ಲಿ ಉಳಿದುಹೋದ ಪಿಜಿ ಸೀಟುಗಳನ್ನು ತುಂಬಲೆಂದು ಅರ್ಹತೆಯ ಮಿತಿಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದ್ದನ್ನು ನೀವು ಓದಿರುತ್ತೀರಿ. ಅಂದರೆ ಪರೀಕ್ಷೆ ಬರೆದವರೆಲ್ಲರೂ ಅರ್ಹರು, ಉಳಿದ ಆಯ್ಕೆಯನ್ನು ದುಡ್ಡು ಮಾಡುತ್ತದೆ. 65 ಲಕ್ಷ ಈ ದಾರಿಯ ಅರ್ಧದಲ್ಲಿ ಬರುವ ಒಂದು ಕಲ್ಲು ಮಾತ್ರ.

ಎರಡನೆಯ ತಪ್ಪು ಅಂಕಿಯಲ್ಲಿ ಇಲ್ಲ, ಒಂದು ವಾಕ್ಯದಲ್ಲಿದೆ. ಈ ಉತ್ತರವನ್ನು ಇಷ್ಟುದ್ದ ಬರೆಯುತ್ತಿರುವುದೂ ಆ ವಾಕ್ಯಕ್ಕಾಗಿಯೇ. "ಅವಳೇನೂ ಅನ್ನುವುದಿಲ್ಲ" ಎಂದು ಬರೆದಿದ್ದೀರಿ. ಮೂರು ಪುಟದ ಪತ್ರದಲ್ಲಿ ಮಗನ ರ‍್ಯಾಂಕು, ಅವನ ಜೀವಶಾಸ್ತ್ರದ ಅಂಕ, ಅವನು ರಾತ್ರಿ ಎಷ್ಟು ಹೊತ್ತಿನವರೆಗೆ ಓದುತ್ತಿದ್ದನೆಂಬುದು ಎಲ್ಲವೂ ಇದೆ. ಮಗಳು ಬರುವುದು ಠೇವಣಿಯ ಮೊತ್ತದ ಪಕ್ಕದಲ್ಲಿ, ಎರಡೇ ಸಾಲಿನಲ್ಲಿ. ಅವಳಿಗಾಗಿ ಕೂಡಿಟ್ಟ 9 ಲಕ್ಷ ಹೋಗುತ್ತದೆ. ಮಾರಲಿರುವ ಒಂದು ಎಕರೆ ಪಿತ್ರಾರ್ಜಿತ ಎನ್ನುತ್ತೀರಿ. ಹಾಗಿದ್ದರೆ ಅದರಲ್ಲಿ ಅವಳ ಪಾಲು ನಿಮ್ಮ ಮಗನ ಪಾಲಿನಷ್ಟೇ. ಸ್ಥೂಲವಾಗಿ ಮೂರರಲ್ಲೊಂದು ಎಂದು ಹಿಡಿದರೂ 23 ಲಕ್ಷದಲ್ಲಿ ಅವಳದು ಏಳೂವರೆ ಲಕ್ಷ ದಾಟುತ್ತದೆ. ಎರಡೂ ಸೇರಿದರೆ ಹದಿನಾರೂವರೆ ಲಕ್ಷ. ತಮ್ಮನ ಓದಿನ ಖರ್ಚಿನ ಕಾಲು ಭಾಗವನ್ನು, ತಿಂಗಳಿಗಿಷ್ಟು ಎಂಬ ಅತಿಥಿ ಸಂಭಾವನೆಯಲ್ಲಿ ದುಡಿಯುತ್ತಿರುವ ಈ ಹುಡುಗಿ ಹೊರುತ್ತಿದ್ದಾಳೆ. ಬ್ಯಾಂಕಿನ ಹೆಸರು ನಿಮ್ಮ ಲೆಕ್ಕದಲ್ಲಿ ಸಾಲ ಕೊಟ್ಟವರ ಜಾಗದಲ್ಲಿದೆ. ಅವಳ ಹೆಸರು ಅಲ್ಲೂ ಇಲ್ಲ.

ಮಗಳಿಗೂ ಸಮಪಾಲು ಎಂಬುದು ಇದ್ದೇ ಇರುವ ಕಾನೂನು, ಮೇಷ್ಟ್ರೇ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ. ಆಗ ಅದು ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಮಾತ್ರವಿತ್ತು. 2005ರಲ್ಲಿ ಕೇಂದ್ರದ ಕಾಯ್ದೆ ಎಲ್ಲರಿಗೂ ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟು, ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ 2005ರಲ್ಲಿ ತಂದೆ ಬದುಕಿರಲೇಬೇಕೆಂಬ ಷರತ್ತು ಇಲ್ಲವೆಂದೂ ಹೇಳಿತು. ಇಷ್ಟಾದ ಮೇಲೂ ನಮ್ಮ ಮನೆಗಳಲ್ಲಿ ಹೆಣ್ಣುಮಗಳ ಪಾಲು ನೆನಪಾಗುವುದು ಕೊಳ್ಳುವವರ ವಕೀಲರು ಅವಳ ಸಹಿ ಬೇಕೆಂದು ಹೇಳಿದ ದಿನವೇ. ಆ ದಿನ ಅವಳನ್ನು ಹೊಸ ಸೀರೆ ಉಡಿಸಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತೇವೆ. ಅವಳೇನೂ ಅನ್ನುವುದಿಲ್ಲ.

ನನ್ನ ಅಕ್ಕನೂ ಏನೂ ಅನ್ನಲಿಲ್ಲ. 1982ರಲ್ಲಿ ನನ್ನ ಅಣ್ಣನಿಗೆ ಖಾಸಗಿ ಕಾಲೇಜೊಂದರಲ್ಲಿ ಡೊನೇಷನ್ ಕಟ್ಟಲು ಅಪ್ಪ ಕೆರೆ ಹಿಂದಿನ ತೋಟ ಮಾರಿದರು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ರಾಜ್ಯದ ಕಾಯ್ದೆ ಬಂದದ್ದು 1984ರಲ್ಲಿ, ನಮ್ಮ ತೋಟ ಹೋದ ಎರಡು ವರ್ಷಕ್ಕೆ. ಅಕ್ಕ ಆಗ ಪಿಯುಸಿ ಮುಗಿಸಿದ್ದಳು, ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕ ಕಾಗದವೂ ಬಂದಿತ್ತು. ಹಾಸನದಲ್ಲಿ ಹಾಸ್ಟೆಲ್ಲಿಗೆ ಕಟ್ಟಲು ಮನೆಯಲ್ಲಿ ದುಡ್ಡಿಲ್ಲ, ಮುಂದಿನ ವರ್ಷ ನೋಡೋಣ ಎಂದರು ಅಪ್ಪ. ಮುಂದಿನ ವರ್ಷ ಅವಳ ಮದುವೆಯಾಯಿತು. ನಲವತ್ತು ವರ್ಷ ಅವಳು ರವಿಕೆ ಹೊಲಿದಳು, ಈಗ ಕಣ್ಣು ಮಂಜಾಗಿ ಬಿಟ್ಟಿದ್ದಾಳೆ. ಅಣ್ಣ ಒಳ್ಳೆಯ ವೈದ್ಯ, ಸಜ್ಜನ. ಗೌರಿ ಹಬ್ಬಕ್ಕೆ ಬಾಗಿನ ಕಳಿಸುವುದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಆದರೆ ತನ್ನ ಓದಿಗೆ ಹೋದದ್ದರಲ್ಲಿ ಅವಳದೂ ಇತ್ತೆಂಬ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ. 2006ರಲ್ಲಿ ಉಳಿದ ಜಮೀನು ಭಾಗವಾಗುವಾಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಅವಳನ್ನು ಕರೆಸಿದೆವು. ಸಹಿ ಹಾಕಿ, ಕಚೇರಿಯ ಜಗಲಿಯ ಮೇಲೆ ಕುಳಿತು, "ಕೆರೆ ಹಿಂದಿನ ತೋಟದಾಗೆ ನೂರ ಹನ್ನೆರಡು ಮರ ಇದ್ವು ಕಣೋ" ಎಂದಳು. ಇಪ್ಪತ್ನಾಲ್ಕು ವರ್ಷ ಆ ಎಣಿಕೆಯನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಏನೂ ಅನ್ನದವರು ಲೆಕ್ಕ ಇಡುವುದಿಲ್ಲವೆಂದು ತಿಳಿಯಬೇಡಿ.

ತಪ್ಪೆಲ್ಲ ನಿಮ್ಮಂಥ ತಂದೆಯರದು ಎಂದೂ ನಾನು ಹೇಳಲಾರೆ. ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆಯುವ ಖಾಸಗಿ ವೈದ್ಯಕೀಯ ಕಾಲೇಜಿನ ದಾರಿ ದೇಶಕ್ಕೆ ತೆರೆದದ್ದೇ ನಮ್ಮ ಕರಾವಳಿಯಲ್ಲಿ, 1953ರಲ್ಲಿ ಮಣಿಪಾಲದಲ್ಲಿ. ಅದರಿಂದ ಸಾವಿರಾರು ವೈದ್ಯರು ಬಂದರು, ಅದನ್ನು ಗೌರವದಿಂದಲೇ ನೆನೆಯುತ್ತೇನೆ. ಆದರೆ ಆ ದಾರಿಯಲ್ಲಿ ಸುಂಕದ ಕಟ್ಟೆಗಳು ಎದ್ದ ಬಗೆ ಬೇರೆ. ನಿಮ್ಮದೇ ಜಿಲ್ಲೆಯ ತುಮಕೂರಿನ ಕಾಲೇಜೊಂದರಲ್ಲಿ ಪ್ರವೇಶ ಕೇಳಿದ ಮೀರತ್ತಿನ ವಿದ್ಯಾರ್ಥಿನಿ ಮೋಹಿನಿ ಜೈನ್ ಅವರ ಮೊಕದ್ದಮೆ ನೆನಪಿರಬಹುದು. ಆಗಿನ ಸರ್ಕಾರಿ ಆದೇಶದಂತೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಸೀಟುಗಳಿಗೆ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ. ಆ 60,000 ಶಿಕ್ಷಣದ ಮಾರಾಟ ಎಂದು 1992ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷವೇ ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಹಂಚಿಕೆ ಬಂತು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಖಾಸಗಿ ಸಂಸ್ಥೆಗಳಿಗೆ ಶುಲ್ಕ ಗೊತ್ತುಮಾಡುವ ಸ್ವಾತಂತ್ರ್ಯ ಕೊಟ್ಟಿತು, ಲಾಭಕೋರತನ ಕೂಡದೆಂದೂ ಹೇಳಿತು. ಈಗ ನಿಮ್ಮ ಕೈಯಲ್ಲಿರುವ 12 ಲಕ್ಷದ ಸಂಖ್ಯೆ ಕಳ್ಳಹಣವಲ್ಲ, ರಸೀದಿ ಕೊಟ್ಟು ಪಡೆಯುವ ಶುಲ್ಕ. ನಮ್ಮಪ್ಪ ಚೀಲದಲ್ಲಿ ಒಯ್ದು ಕೊಟ್ಟದ್ದನ್ನು ನೀವು ಡಿ.ಡಿ. ಮಾಡಿಸಿ ಕೊಡುತ್ತೀರಿ, ತೋಟ ಹೋಗುವುದು ಎರಡರಲ್ಲೂ ಒಂದೇ. ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟುಗಳಿಗೆ ಸರ್ಕಾರಿ ಕಾಲೇಜಿನ ಶುಲ್ಕವೇ ಇರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿತ್ತು. ಅದು ಜಾರಿಯಾಗಿದ್ದರೆ ಇಂದು ನಿಮ್ಮ ಪತ್ರ ನನಗೆ ಬರುತ್ತಿರಲಿಲ್ಲ. ತಮಿಳುನಾಡು 2020ರಲ್ಲಿ ಕಾನೂನು ಮಾಡಿ, ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಶೇಕಡಾ 7.5ರಷ್ಟು ವೈದ್ಯಕೀಯ ಸೀಟು ಮೀಸಲಿಟ್ಟಿತು, ಅವರ ಶುಲ್ಕವನ್ನೂ ವಹಿಸಿಕೊಂಡಿತು. ಸರ್ಕಾರಿ ಶಾಲೆಯಲ್ಲೇ ಮೂವತ್ತು ವರ್ಷ ಪಾಠ ಹೇಳಿದ ನಿಮಗೆ ಇದರ ಬೆಲೆ ನಾನು ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ಹೊರಬೇಕಾದ ಖರ್ಚು ಮನೆಯ ಮೇಲೆ ಬೀಳುತ್ತದೆ, ಮನೆ ಅದನ್ನು ಮಗಳ ಮೇಲೆ ಇಳಿಸುತ್ತದೆ.

ಹೊರದೇಶದ ಓದಿನ ಏಜೆಂಟರು 30 ಲಕ್ಷಕ್ಕೆ ಮುಗಿಸಿಕೊಡುತ್ತೇವೆ ಎಂದದ್ದನ್ನೂ ಪತ್ರದ ಕೊನೆಗೆ ಬರೆದಿದ್ದೀರಿ. ಅಲ್ಲಿಂದ ಬಂದವರು ಇಲ್ಲಿ 300ಕ್ಕೆ 150 ಅಂಕ ಪಡೆದು ಪಾಸಾಗಬೇಕಾದ ಪರೀಕ್ಷೆಯಲ್ಲಿ ಬಹುಪಾಲು ಮಂದಿ ಸೋಲುತ್ತಾರೆ. 2021ರ ನಿಯಮದ ಪ್ರಕಾರ ಅಲ್ಲೊಂದು, ಇಲ್ಲೊಂದು ಎಂದು ಎರಡು ವರ್ಷ ಇಂಟರ್ನ್‌ಶಿಪ್ಪನ್ನೂ ಮಾಡಬೇಕು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಊಟದ ಸಾಮಾನು ತರಲು ಹೊರಗೆ ಹೋಗಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೂ ಇಂಥದೇ ಮನೆಯ ಮಗ. ಪಿಯುಸಿಯಲ್ಲಿ ಶೇಕಡಾ 97 ತೆಗೆದವನಿಗೆ ಇಲ್ಲಿ ಸೀಟು ಸಿಗಲಿಲ್ಲವೆಂದು ಅವನ ತಂದೆ ಕ್ಯಾಮೆರಾಗಳ ಮುಂದೆ ಹೇಳಿದರು. ಮಗನ ದೇಹ ಬಂದಾಗ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ಸುದ್ದಿ ಅಚ್ಚಿಗೆ ಕಳಿಸಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮಗನಿಗೆ ಏನು ಹೇಳಲಿ ಎಂದು ಫೋನಿನಲ್ಲಿ ಕೇಳಿದಿರಿ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಲೆಕ್ಕವನ್ನೇ ತೋರಿಸಿ. ಹತ್ತೊಂಬತ್ತು ವರ್ಷದ ಹುಡುಗ ಚಿಕ್ಕವನಲ್ಲ. ತನ್ನ ಬಿಳಿ ಕೋಟಿನಲ್ಲಿ ಅಕ್ಕನ ಎಷ್ಟು ದುಡ್ಡಿದೆಯೆಂದು ತಿಳಿಯುವ ಹಕ್ಕು ಅವನಿಗೂ ಇದೆ. ಸ್ವಲ್ಪದರಲ್ಲಿ ತಪ್ಪಿದವನು ಇನ್ನೊಂದು ವರ್ಷ ಮನೆಯಲ್ಲೇ ಓದಿ ಬರೆದರೆ ಸರ್ಕಾರಿ ಕೋಟಾ ದೂರವಿಲ್ಲ. ಈಗ ಖಾಸಗಿ ಕಾಲೇಜುಗಳಲ್ಲೂ ಶೇಕಡಾ 40ರಷ್ಟು ಸೀಟು ಆ ಕೋಟಾದ್ದೇ. ಆಗಲೂ ಬಾರದಿದ್ದರೆ ಪಶುವೈದ್ಯಕೀಯವಿದೆ, ಪಕ್ಕದ ಹಾಸನದಲ್ಲೇ ಸರ್ಕಾರದ ಕಾಲೇಜಿದೆ. ನಿಮ್ಮ ಸೀಮೆಯಲ್ಲಿ ಹಸುವಿಗೆ ಜ್ವರ ಬಂದಾಗ ಡಾಕ್ಟರಿಗಾಗಿ ಎಷ್ಟು ಹೊತ್ತು ಕಾಯುತ್ತಾರೆಂದು ನಿಮಗೆ ತಿಳಿದಿದೆ. ಮಂಡ್ಯದಲ್ಲಿ ಐದು ರೂಪಾಯಿ ಪಡೆದು ರೋಗಿಗಳನ್ನು ನೋಡುತ್ತ ಬಂದ ಡಾ. ಶಂಕರೇಗೌಡರನ್ನೂ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಉಳಿದ ಡಾ. ಸುದರ್ಶನ್ ಅವರನ್ನೂ ಶಾಲೆಯಲ್ಲಿ ಮಕ್ಕಳಿಗೆ ಪರಿಚಯಿಸುತ್ತೇನೆ ಎಂದು ಬರೆದಿದ್ದೀರಿ. ತಿಂಗಳಿಗೆ 31 ಸಾವಿರ ಕಂತು ಕಟ್ಟಬೇಕಾದ ಹುಡುಗ ಐದು ರೂಪಾಯಿಗೆ ಚೀಟಿ ಬರೆಯಲು ಹೇಗೆ ಸಾಧ್ಯ, ನೀವೇ ಹೇಳಿ.

ಠೇವಣಿಯನ್ನು ಮುಟ್ಟಬೇಡಿ. ಅದರ ಮೇಲಿನ "ಮದುವೆಗೆ" ಎಂಬ ಮಾತನ್ನು ತೆಗೆದುಹಾಕಿ, ಅವಳ ಹೆಸರಿಗೆ ಬರೆದು, ಬಿ.ಎಡ್. ಅರ್ಜಿಯ ದಿನಾಂಕ ಯಾವಾಗಲೆಂದು ಅವಳನ್ನೇ ಕೇಳಿ. ಮುಂದೆ ಎಂದಾದರೂ ತೋಟ ಮಾರುವ ಪ್ರಸಂಗ ಬಂದರೆ, ಸಹಿಗೆ ಮೊದಲು ಅವಳ ಅಭಿಪ್ರಾಯ ಕೇಳಿ. ಈ ಸಂಚಿಕೆ ಮನೆಗೆ ಬಂದಾಗ ಈ ಪುಟವನ್ನು ನೀವು ಓದುವ ಮೊದಲು ಅವಳ ಕೈಗೆ ಕೊಡಿ. ಬಡ್ಡಿಯ ಲೆಕ್ಕದಲ್ಲಿ ನಾನು ಎಲ್ಲಾದರೂ ತಪ್ಪಿದ್ದರೆ ಅವಳೇ ತಿದ್ದಿ ಬರೆಯಲಿ, ಬರುವ ಸಂಚಿಕೆಯಲ್ಲಿ ಅವಳ ಹೆಸರಿನಲ್ಲೇ ಹಾಕುತ್ತೇನೆ.