ಮನೆ ಮಂಜೇಶ್ವರ, ಕೆಲಸ ಮಂಗಳೂರು: ತೆರಿಗೆ ಯಾವ ರಾಜ್ಯಕ್ಕೆ?

ಪ್ರಶ್ನೆ: ನಾನು ಮಂಜೇಶ್ವರದವಳು. ಜುಲೈವರೆಗೆ ಕಾಸರಗೋಡಿನಲ್ಲಿ ಕೆಲಸವಿತ್ತು, ಈಗ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿಬರುತ್ತೇನೆ. ಸಂಬಳ 42,000 ರೂ. ಎರಡೂ ರಾಜ್ಯಕ್ಕೆ ತೆರಿಗೆ ಕಟ್ಟಬೇಕೇ? ನನ್ನ ಹೆಸರಲ್ಲಿ ಸ್ವಲ್ಪ ಅಡಿಕೆ ತೋಟವೂ ಇದೆ.

ಉತ್ತರ: ಸಂಬಳದ ಆದಾಯ ತೆರಿಗೆ ಕೇಂದ್ರದ್ದು. ಗಡಿ ದಾಟಿದರೂ ರಿಟರ್ನ್ ಒಂದೇ, ದರವೂ ಒಂದೇ. ರಾಜ್ಯದ ಲೆಕ್ಕಕ್ಕೆ ಬರುವುದು ವೃತ್ತಿ ತೆರಿಗೆ; ಅದನ್ನು ಕೆಲಸ ಮಾಡುವ ಕಡೆ ಕಟ್ಟಬೇಕು. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂ. ಅಥವಾ ಹೆಚ್ಚು ಸಂಬಳವಿದ್ದರೆ 200 ರೂ., ಫೆಬ್ರವರಿಯಲ್ಲಿ 300 ರೂ. ಹಿಡಿಯುತ್ತಾರೆ, ವರ್ಷಕ್ಕೆ 2,500 ರೂ. ಕೇರಳದಲ್ಲಿ ಇದನ್ನು ಪಂಚಾಯತ್, ನಗರಸಭೆಗಳು ಅರ್ಧವರ್ಷಕ್ಕೊಮ್ಮೆ ವಸೂಲು ಮಾಡುತ್ತವೆ. ಹಳೆಯ ಕೆಲಸದ ರಸೀದಿ, ಈಗಿನ ಸಂಬಳ ಚೀಟಿ ಎರಡನ್ನೂ ಜೋಪಾನವಾಗಿಡಿ. ಪಂಚಾಯತಿನಿಂದ ನೋಟಿಸು ಬಂದರೆ ಸುಮ್ಮನಿರದೆ, ಅವುಗಳ ಪ್ರತಿ ಲಗತ್ತಿಸಿ ಲಿಖಿತ ಉತ್ತರ ಕೊಡಿ. ಈ ವೃತ್ತಿ ತೆರಿಗೆಯನ್ನು ಆದಾಯದಿಂದ ಕಳೆಯಲು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಅವಕಾಶ.

ನಿಜವಾದ ತೊಡಕು ಬೇರೆ ಕಡೆ ಇದೆ. ಹಳೆಯ ಸಂಬಳದ ವಿವರವನ್ನು ಹೊಸ ಕಚೇರಿಗೆ ಈಗಲೇ ಕೊಡಿ. ಕೊಡದಿದ್ದರೆ ಎರಡೂ ಕಚೇರಿಯವರು ತಂತಮ್ಮ ಲೆಕ್ಕದಲ್ಲಿ ಪೂರ್ತಿ ವಿನಾಯಿತಿ ಹಿಡಿದು ಟಿಡಿಎಸ್ (ಸಂಬಳದಿಂದಲೇ ಮೊದಲೇ ಹಿಡಿಯುವ ತೆರಿಗೆ) ಕಡಿಮೆ ಕತ್ತರಿಸಬಹುದು. ಒಟ್ಟು ಆದಾಯಕ್ಕೆ ತೆರಿಗೆ ಬೀಳುವಂತಿದ್ದರೆ, ಬಾಕಿಯನ್ನು ರಿಟರ್ನ್ ಹೊತ್ತಿಗೆ ಬಡ್ಡಿ ಸಮೇತ ನೀವೇ ತುಂಬಬೇಕಾದೀತು.

ಅಡಿಕೆಯ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ, ಆದರೆ ಮರೆಮಾಚಬಾರದು. ಖರ್ಚು ಕಳೆದು ವರ್ಷಕ್ಕೆ 5,000 ರೂ. ದಾಟಿದರೆ ಐಟಿಆರ್-1 ಎಂಬ ಸರಳ ರಿಟರ್ನ್ ನಮೂನೆ ನಡೆಯುವುದಿಲ್ಲ, ಐಟಿಆರ್-2 ತುಂಬಬೇಕು. ಆ ಮೊತ್ತ ಸಂಬಳದ ಮೇಲಿನ ತೆರಿಗೆಯ ದರ ಲೆಕ್ಕಕ್ಕೂ ಸೇರುತ್ತದೆ. ಮಾರಾಟದ ಚೀಟಿ, ಗೊಬ್ಬರ, ಕೊಯ್ಲಿನ ಕೂಲಿಯ ಲೆಕ್ಕ ಬರೆದಿಡಿ.