ಏಷ್ಯನ್ ಗೇಮ್ಸ್ ಫುಟ್‌ಬಾಲ್‌ಗೆ ದೊಡ್ಡ ಆಟಗಾರರೇ ಬರಲ್ಲ, ಮತ್ತೆ ಅಲ್ಲಿನ ಚಿನ್ನಕ್ಕೆ ಏನು ಬೆಲೆ?

ನೀವು ಎರಡು ವಿಷಯ ಕೇಳಿದ್ದೀರಿ. 23 ವರ್ಷದ ಮಿತಿ ಇರುವ ಟೂರ್ನಿಯಲ್ಲಿ, ಅದರಲ್ಲೂ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡದ ಟೂರ್ನಿಯಲ್ಲಿ ಗೆದ್ದ ಪದಕಕ್ಕೆ ಏನು ಬೆಲೆ ಅನ್ನುವುದು ಒಂದು. ಭಾರತ ಅಲ್ಲಿಗೆ ಹೋಗದಿದ್ದರೆ ನಷ್ಟವೇನು ಅನ್ನುವುದು ಇನ್ನೊಂದು.

ನಾನು 2010ರ ಗುವಾಂಗ್‌ಝೌ ಗೇಮ್ಸ್‌ನಿಂದ ಈ ಟೂರ್ನಿಯನ್ನು ಬಿಡದೆ ನೋಡುತ್ತಾ ಬಂದಿದ್ದೇನೆ. ನನ್ನ ಪ್ರಕಾರ ಬೆಲೆ ಖಂಡಿತ ಇದೆ. ಆದರೆ ಎಲ್ಲ ದೇಶಕ್ಕೂ ಒಂದೇ ಬೆಲೆ ಅಲ್ಲ. ಅದು ಗೊತ್ತಾದರೆ ಈ ಟೂರ್ನಿ ನೋಡೋ ರೀತಿಯೇ ಬೇರೆ ಆಗುತ್ತದೆ.

ಮೊದಲು ನಿಯಮದ ವಿಷಯ ಮುಗಿಸಿಬಿಡೋಣ. 1951ರಿಂದ 1998ರವರೆಗೆ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಸೀನಿಯರ್ ತಂಡಗಳೇ ಆಡುತ್ತಿದ್ದವು. 2002ರಲ್ಲಿ ಬುಸಾನ್‌ನಿಂದ 23ರ ಮಿತಿ ಬಂತು. ಜೊತೆಗೆ ಮೂವರು ಹಿರಿಯರನ್ನು ಸೇರಿಸಿಕೊಳ್ಳಬಹುದು. ಒಲಿಂಪಿಕ್ಸ್‌ನಲ್ಲಿ 1992ರಿಂದ ಈ ಮಿತಿ ಇದೆ. ಹಾಂಗ್‌ಝೌ ಗೇಮ್ಸ್ ಒಂದು ವರ್ಷ ಮುಂದೆ ಹೋಗಿ 2023ರಲ್ಲಿ ನಡೆದಾಗ ಮಿತಿ 24 ಆಯಿತು, ಅಷ್ಟೇ. ಈ ಟೂರ್ನಿ ಫಿಫಾದ ಅಂತರರಾಷ್ಟ್ರೀಯ ಕ್ಯಾಲೆಂಡರ್‌ನಲ್ಲಿ ಇಲ್ಲ. ಹಾಗಾಗಿ ಆಟಗಾರನನ್ನು ಕಳಿಸಲೇಬೇಕು ಅಂತ ಕ್ಲಬ್‌ಗೆ ಕಟ್ಟುಪಾಡಿಲ್ಲ. ಅಂದ ಹಾಗೆ, ಮಹಿಳೆಯರ ಫುಟ್‌ಬಾಲ್‌ಗೆ ಈ ವಯಸ್ಸಿನ ಮಿತಿ ಇಲ್ಲ. 1990ರಲ್ಲಿ ಬೀಜಿಂಗ್‌ನಲ್ಲಿ ಶುರುವಾದಾಗಿನಿಂದ ಅಲ್ಲಿ ಸೀನಿಯರ್ ತಂಡಗಳೇ ಆಡುತ್ತವೆ. ಇದನ್ನು ನಮ್ಮಲ್ಲಿ ಯಾರೂ ಗಮನಿಸುವುದೇ ಇಲ್ಲ ಅನ್ನುವುದು ನನಗೆ ಬೇಜಾರು. ದೊಡ್ಡ ಆಟಗಾರರನ್ನೇ ನೋಡಬೇಕು ಅಂದರೆ ಅದನ್ನು ನೋಡಿ.

ಈಗ ಬೆಲೆಯ ಮಾತು. ದಕ್ಷಿಣ ಕೊರಿಯಾದ ಸೊನ್ ಹ್ಯುಂಗ್-ಮಿನ್ ಕಥೆ ಹೇಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ. ಆ ದೇಶದಲ್ಲಿ ಆರೋಗ್ಯವಾಗಿರುವ ಗಂಡಸರೆಲ್ಲ ಹೆಚ್ಚುಕಡಿಮೆ ಒಂದೂವರೆ ಎರಡು ವರ್ಷ ಸೈನ್ಯದಲ್ಲಿ ಇರಲೇಬೇಕು. ಆದರೆ ಒಲಿಂಪಿಕ್ಸ್‌ನಲ್ಲಿ ಯಾವುದೇ ಪದಕ, ಇಲ್ಲವೇ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರಿಗೆ ಅದರಿಂದ ವಿನಾಯಿತಿ ಇದೆ. ಕೆಲವು ವಾರಗಳ ಮೂಲ ತರಬೇತಿ ಮುಗಿಸಿದರೆ ಆಯಿತು. ಬೆಳ್ಳಿ ಗೆದ್ದರೆ ಈ ವಿನಾಯಿತಿ ಇಲ್ಲ.

2014ರಲ್ಲಿ ಇಂಚಿಯಾನ್ ಗೇಮ್ಸ್‌ಗೆ ಸೊನ್ ಬರಲಿಲ್ಲ. ಆಗ ಅವರು ಆಡುತ್ತಿದ್ದ ಜರ್ಮನಿಯ ಲೆವರ್ಕುಸೆನ್ ಕ್ಲಬ್ ಬಿಡಲಿಲ್ಲ. ಅವರಿಲ್ಲದೆಯೇ ಕೊರಿಯಾ ಚಿನ್ನ ಗೆದ್ದಿತು. ಅದೂ ಫೈನಲ್‌ನಲ್ಲಿ ಉತ್ತರ ಕೊರಿಯಾ ಎದುರು, ಎಕ್ಸ್‌ಟ್ರಾ ಟೈಮ್‌ನ ಕೊನೇ ಗಳಿಗೆಯಲ್ಲಿ ಬಂದ ಒಂದೇ ಗೋಲಿನಿಂದ. ಜೊತೆಯವರಿಗೆ ವಿನಾಯಿತಿ ಸಿಕ್ಕಿತು, ಇವರಿಗೆ ಇಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್‌ನಲ್ಲೇ ಹೊಂಡುರಾಸ್ ಎದುರು 0-1. ಸೊನ್ ಮೈದಾನದಲ್ಲೇ ಅತ್ತುಬಿಟ್ಟರು. 2018ರ ಏಷ್ಯನ್ ಗೇಮ್ಸ್ ಹೊತ್ತಿಗೆ ಅವರಿಗೆ 26 ವರ್ಷ. ಮುಂದಿನ ಗೇಮ್ಸ್ ಬರುವ ಹೊತ್ತಿಗೆ ಸೈನ್ಯ ಸೇರುವ ಗಡುವು ಮುಗಿದಿರುತ್ತಿತ್ತು. ಆಗ ಅವರು ಆಡುತ್ತಿದ್ದ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ ಈ ಸಲ ಬಿಟ್ಟಿತು, ಆದರೆ ಸುಮ್ನೆ ಅಲ್ಲ. ನವೆಂಬರ್‌ನ ಕೊರಿಯಾ ಪಂದ್ಯಗಳಿಗೆ ಹೋಗಬಾರದು, 2019ರ ಏಷ್ಯನ್ ಕಪ್‌ನ ಮೊದಲ ಎರಡು ಪಂದ್ಯ ಬಿಡಬೇಕು ಅಂತ ಮಾತಾಗಿತ್ತು.

ಆ ಸಲ ಗುಂಪಿನ ಹಂತದಲ್ಲಿ ಕೊರಿಯಾ ಮಲೇಷ್ಯಾ ಎದುರು 1-2 ಸೋತಿತು. ಕ್ವಾರ್ಟರ್‌ಫೈನಲ್‌ನಲ್ಲಿ ಉಜ್ಬೇಕಿಸ್ತಾನ್ ಎದುರು ಎಕ್ಸ್‌ಟ್ರಾ ಟೈಮ್‌ವರೆಗೆ ಎಳೆದಾಡಿ 4-3. ಸೆಪ್ಟೆಂಬರ್ 1ರ ಫೈನಲ್ ಜಪಾನ್ ಜೊತೆ. 90 ನಿಮಿಷ ಒಂದೂ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಶುರುವಾಗಿ ಮೂರನೇ ನಿಮಿಷಕ್ಕೆ ಸೊನ್ ಪೆನಾಲ್ಟಿ ಬಾಕ್ಸ್ ಒಳಗೆ ಚೆಂಡು ಎಳೆದುಕೊಂಡು ನುಗ್ಗಿದರು. ಅವರ ಕಾಲ ಹತ್ತಿರವಿದ್ದ ಚೆಂಡಿಗೆ ಲೀ ಸ್ಯುಂಗ್-ವೂ ಓಡಿ ಬಂದು ಎಡಗಾಲಿನಲ್ಲಿ ಹೊಡೆದೇ ಬಿಟ್ಟರು. ಸ್ವಲ್ಪ ಹೊತ್ತಿಗೆ ಸೊನ್ ಎತ್ತಿ ಹಾಕಿದ ಫ್ರೀ ಕಿಕ್‌ಗೆ ಹ್ವಾಂಗ್ ಹೀ-ಚಾನ್ ತಲೆ ಕೊಟ್ಟರು. ಪಂದ್ಯ 2-1. ಇಂಗ್ಲೆಂಡಿನ ದೊಡ್ಡ ಕ್ಲಬ್‌ನಲ್ಲಿ ಆಡುತ್ತಿದ್ದ ಒಬ್ಬ ಸ್ಟಾರ್ ಆ ಸಂಜೆ ಓಡಿದ ರೀತಿ ನೋಡಿದವರು ಯಾರೂ ಈ ಟೂರ್ನಿಗೆ ಬೆಲೆ ಇಲ್ಲ ಅನ್ನಲಾರರು.

ಜಪಾನ್ ಲೆಕ್ಕಾಚಾರ ಇದಕ್ಕೆ ಪೂರ್ತಿ ಉಲ್ಟಾ. ಅದೇ ಫೈನಲ್‌ಗೆ ಅವರು ಕಳಿಸಿದ್ದು 21ರ ಒಳಗಿನ ಹುಡುಗರನ್ನು. ಹಿರಿಯರು ಒಬ್ಬರೂ ಇಲ್ಲ. ಮುಂದಿನ ಒಲಿಂಪಿಕ್ಸ್‌ಗೆ ತಂಡ ಕಟ್ಟುವುದೇ ಅವರ ಗುರಿ. 2023ರಲ್ಲೂ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗರನ್ನು ಸೇರಿಸಿಕೊಂಡ ತಂಡವೇ ಬಂತು. ಆಗಲೂ ಫೈನಲ್‌ವರೆಗೆ ಬಂದು ಕೊರಿಯಾಕ್ಕೇ 1-2 ಸೋತರು. ಒಂದು ದೇಶಕ್ಕೆ ಇದು ಆಟಗಾರನ ಎರಡು ವರ್ಷದ ಬದುಕು, ಇನ್ನೊಂದಕ್ಕೆ ಶಾಲೆ. ಎರಡೂ ಸರಿಯೇ.

ಹಾಗಾದರೆ ನಮಗೆ? ನಮಗೆ ಇದು ಹಳೇ ಮನೆ. ಏಷ್ಯಾ ಮಟ್ಟದಲ್ಲಿ ನಮ್ಮ ಫುಟ್‌ಬಾಲ್‌ನ ಅತಿ ದೊಡ್ಡ ಎರಡು ಗೆಲುವು ಇಲ್ಲೇ ಬಂದದ್ದು. 1951ರಲ್ಲಿ ದೆಹಲಿಯಲ್ಲಿ ಶೈಲೇನ್ ಮನ್ನಾ ನಾಯಕತ್ವದ ತಂಡ ಫೈನಲ್‌ನಲ್ಲಿ ಇರಾನ್ ಅನ್ನು 1-0ಯಿಂದ ಸೋಲಿಸಿತು. ಗೋಲು ಮೇವಾಲಾಲ್ ಅವರದು.

1962ರ ಜಕಾರ್ತಾ ಗೆಲುವಂತೂ ಯಾವಾಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ. ಆತಿಥೇಯ ಇಂಡೋನೇಷ್ಯಾ ಇಸ್ರೇಲ್ ಮತ್ತು ತೈವಾನ್‌ಗೆ ವೀಸಾ ಕೊಡಲಿಲ್ಲ. ಏಷ್ಯನ್ ಗೇಮ್ಸ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ನಮ್ಮ ಗುರುದತ್ ಸೋಂಧಿ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಊರಿಗೆ ಊರೇ ಭಾರತದ ಮೇಲೆ ಸಿಟ್ಟಾಯಿತು. ಫುಟ್‌ಬಾಲ್ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರಿಗೆ ಕ್ಯಾನ್ಸರ್. ಮೊದಲ ಪಂದ್ಯದಲ್ಲೇ ಕೊರಿಯಾ ಎದುರು 0-2 ಸೋಲು. ಥಾಯ್ಲೆಂಡ್ ಎದುರಿನ ಪಂದ್ಯ 4-1 ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದು ಹೊಲಿಗೆ ಬಿತ್ತು. ಇಂಥ ಆಟಗಾರನನ್ನು ಯಾರಾದರೂ ಕೂರಿಸುತ್ತಿದ್ದರು. ಆದರೆ ರಹೀಮ್, ಜರ್ನೈಲ್ ಅವರನ್ನು ಸೆಮಿಫೈನಲ್‌ಗೆ ತಂದರು, ಅದೂ ಡಿಫೆಂಡರ್ ಆಗಿ ಅಲ್ಲ, ಸೆಂಟರ್ ಫಾರ್ವರ್ಡ್ ಆಗಿ! ತಲೆಗೆ ಬ್ಯಾಂಡೇಜ್ ಸುತ್ತಿಕೊಂಡೇ ಅವರು ದಕ್ಷಿಣ ವಿಯೆಟ್ನಾಂ ಎದುರು ಗೋಲು ಹೊಡೆದರು.

ಸೆಪ್ಟೆಂಬರ್ 4ರ ಫೈನಲ್ ಮತ್ತೆ ಅದೇ ಕೊರಿಯಾ ಎದುರು. ಸೆನಯಾನ್ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು, ಮತ್ತು ಆ ಜನವೆಲ್ಲ ನಮ್ಮ ವಿರುದ್ಧ ಕೂಗುತ್ತಿದ್ದರು. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ ಗೋಲು. 20ನೇ ನಿಮಿಷಕ್ಕೆ ಜರ್ನೈಲ್ ಗೋಲು. ಕೊನೆಗೆ 2-1. ಚುನಿ ಗೋಸ್ವಾಮಿ ನಾಯಕ. ಮರುವರ್ಷ ಜೂನ್‌ನಲ್ಲಿ ರಹೀಮ್ ತೀರಿಕೊಂಡರು. ಆಮೇಲೆ 1970ರಲ್ಲಿ ಬ್ಯಾಂಕಾಕ್‌ನಲ್ಲಿ ಒಂದು ಕಂಚು ಬಂತು. ಅದಾದ ಮೇಲೆ ಪುರುಷರ ಫುಟ್‌ಬಾಲ್‌ನಲ್ಲಿ ನಮಗೆ ಒಂದು ಪದಕವೂ ಇಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. 2018ರಲ್ಲಿ ನಾವು ಹೋಗಲಿಲ್ಲ. ತಂಡದ ಆಟಗಳಲ್ಲಿ ಏಷ್ಯಾದ ಮೊದಲ ಎಂಟರ ಒಳಗೆ ಇದ್ದರೆ ಮಾತ್ರ ಕಳಿಸುವುದು ಅನ್ನುವ ನಿಯಮ ಅಡ್ಡ ಬಂತು. ಪುರುಷರ ತಂಡವೂ ಇಲ್ಲ, ಮಹಿಳೆಯರ ತಂಡವೂ ಇಲ್ಲ. ಪದಕ ಬರಲ್ಲ, ಸುಮ್ಮನೆ ಖರ್ಚು ಯಾಕೆ ಅನ್ನುವ ವಾದ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ. ಎಂಟರ ಒಳಗೆ ಬರಬೇಕಾದರೆ ಎಂಟರ ಒಳಗೆ ಇರುವವರ ಜೊತೆ ಆಡಬೇಕಲ್ವಾ?

2023ರಲ್ಲಿ ನಿಯಮ ಸಡಿಲಿಸಿದ್ದರಿಂದ ಹೋದರು. ಹೋದದ್ದು ಹೇಗೆ ಅಂತ ಕೇಳಿ. ನಮ್ಮ ದೇಶದ ಕ್ಲಬ್‌ಗಳ ಲೀಗ್ ಐಎಸ್‌ಎಲ್ ಸೆಪ್ಟೆಂಬರ್ 21ಕ್ಕೆ ಶುರು. ಕ್ಲಬ್‌ಗಳು ತಮಗೆ ಬೇಕಾದವರನ್ನು ಇಟ್ಟುಕೊಂಡವು. ಕೊನೇ ದಿನಗಳವರೆಗೆ ತಂಡದ ಪಟ್ಟಿ ಬದಲಾಗುತ್ತಲೇ ಇತ್ತು. ಪಂದ್ಯದ ಹಿಂದಿನ ದಿನ ಸಂಜೆ ಹಾಂಗ್‌ಝೌ ತಲುಪಿ, ಮಾರನೇ ದಿನ, ಸೆಪ್ಟೆಂಬರ್ 19ಕ್ಕೆ, ಚೀನಾ ಎದುರು ಇಳಿದರು. ಒಟ್ಟಿಗೆ ಅಭ್ಯಾಸ ಅನ್ನುವುದೇ ಇರಲಿಲ್ಲ.

ನಾನು ಆ ಪಂದ್ಯವನ್ನು ಮೊಬೈಲ್‌ನಲ್ಲಿ ನೋಡಿದೆ. ಚೀನಾ ಬೇಗ ಒಂದು ಗೋಲು ಹೊಡೆಯಿತು. ಸ್ವಲ್ಪ ಹೊತ್ತಿಗೆ ಅವರಿಗೆ ಪೆನಾಲ್ಟಿ. ಗೋಲ್‌ಕೀಪರ್ ಗುರ್ಮೀತ್ ಸಿಂಗ್ ಅದನ್ನು ತಡೆದರು. ಮೊದಲರ್ಧ ಇನ್ನೇನು ಮುಗಿಯಿತು ಅನ್ನುವಾಗ ಬಲಗಡೆ ಉದ್ದದ ಪಾಸ್ ಬಂತು. ರಾಹುಲ್ ಕೆ.ಪಿ. ಓಡಿ ಹಿಡಿದರು. ಗೋಲ್ ಗೆರೆ ಪಕ್ಕದಲ್ಲೇ ಇದೆ, ಅಲ್ಲಿಂದ ಗೋಲ್ ಕಂಬಗಳ ನಡುವೆ ಜಾಗವೇ ಕಾಣಲ್ಲ. ಕ್ರಾಸ್ ಹಾಕುತ್ತಾರೆ ಅಂದುಕೊಂಡೆ. ಇಲ್ಲ, ನೇರ ಬಾರಿಸಿದರು. 1-1. ನಾನು ಎದ್ದು ನಿಂತಿದ್ದೆ.

ವಿರಾಮದ ನಂತರ ಕಾಲುಗಳು ಸೋತವು. ಚೆಂಡಿನ ಹಿಂದೆ ಹೋಗಬೇಕು ಅಂತ ಮನಸ್ಸಿಗೆ ಇದೆ, ದೇಹ ಎರಡು ಹೆಜ್ಜೆ ಹಿಂದೆ ಉಳಿಯುತ್ತಿದೆ. ಪರದೆಯಲ್ಲೇ ಅದು ಕಾಣುತ್ತಿತ್ತು. 5-1ರಲ್ಲಿ ಮುಗಿಯಿತು. ಮರುದಿನ ಎಲ್ಲರೂ ಆ ಅಂಕಿ ಹಿಡಿದು ಹುಡುಗರನ್ನು ಬೈದರು. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಎರಡು ದಿನ ಮುಂಚೆ ಕಳಿಸಿದ್ದರೆ ಸೋಲುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಆದರೆ ಅದು ಅವರ ನಿಜವಾದ ಆಟ ಆಗಿರಲಿಲ್ಲ.

ಎರಡು ದಿನ ಬಿಟ್ಟು ಸೆಪ್ಟೆಂಬರ್ 21. ಕೊಚ್ಚಿಯಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ನ ಮೊದಲ ಪಂದ್ಯ ಆಡುತ್ತಿತ್ತು. ಆ ತಂಡದ ಸುನಿಲ್ ಛೆಟ್ರಿ ಮಾತ್ರ ಹಾಂಗ್‌ಝೌನಲ್ಲಿದ್ದರು. 39 ವರ್ಷದ ಮನುಷ್ಯ, ತನಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರ ಜೊತೆ. ಬಾಂಗ್ಲಾದೇಶ ಎದುರು 85ನೇ ನಿಮಿಷಕ್ಕೆ ಸಿಕ್ಕ ಪೆನಾಲ್ಟಿಯನ್ನು ಗೋಲು ಮಾಡಿ 1-0 ಗೆಲ್ಲಿಸಿದರು. ಮ್ಯಾನ್ಮಾರ್ ಎದುರು 1-1 ಡ್ರಾ, ಅಲ್ಲೂ ಗೋಲು ಅವರದೇ. 2010ರ ನಂತರ ಮೊದಲ ಸಲ ನಾವು ನಾಕೌಟ್‌ಗೆ ಹೋದೆವು. ಅಲ್ಲಿ ಸೌದಿ ಅರೇಬಿಯಾ 2-0ಯಿಂದ ಗೆದ್ದಿತು.

ಹೋಗದಿದ್ದರೆ ನಷ್ಟವೇನು ಅಂದಿರಲ್ಲ, ರಾಹುಲ್ ಹೊಡೆದ ಆ ಗೋಲು ಇರುತ್ತಿರಲಿಲ್ಲ. ಗುರ್ಮೀತ್ ತಡೆದ ಪೆನಾಲ್ಟಿ ಇರುತ್ತಿರಲಿಲ್ಲ. ಪುರುಸೊತ್ತು ಸಿಕ್ಕಾಗ ಆ ಚೀನಾ ಪಂದ್ಯದ ಮೊದಲರ್ಧ ಹುಡುಕಿ ನೋಡಿ. ಆಮೇಲೆ 2018ರ ಫೈನಲ್‌ನ ಎಕ್ಸ್‌ಟ್ರಾ ಟೈಮ್ ನೋಡಿ. ಅಷ್ಟು ನೋಡಿದ ಮೇಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ಇಲ್ಲೇ ಬರೆಯಿರಿ, ಮಾತಾಡೋಣ.